ರಾತ್ರಿ ಜೋಡಿಸಿಟ್ಟು ಬೆಳಿಗ್ಗೆ ಬೇಯಿಸುವ ಸಿಹಿ-ಖಾರದ ಬ್ರೆಡ್ ಕ್ಯಾಸರೋಲ್

ಬೆಂಗಳೂರಿನ ದರ್ಶಿನಿಯಲ್ಲಿ ಚೌಚೌ ಬಾತ್ ತಿಂದವರಿಗೆ ಈ ತಿಂಡಿಯ ಗುಟ್ಟು ಅರ್ಧ ಗೊತ್ತಿದ್ದ ಹಾಗೆಯೇ. ಒಂದೇ ತಟ್ಟೆಯಲ್ಲಿ ಖಾರಾಬಾತ್, ಪಕ್ಕದಲ್ಲೇ ಕೇಸರಿಬಾತ್. ಎರಡನ್ನೂ ಬೇರೆ ಬೇರೆಯಾಗಿ ತಿನ್ನುವವರೂ ಇದ್ದಾರೆ. ಆದರೆ ಎರಡೂ ಸೇರುವ ಅಂಚಿನಲ್ಲಿ ಚಮಚ ಹಾಕಿ, ಸ್ವಲ್ಪ ಖಾರ, ಸ್ವಲ್ಪ ಸಿಹಿ ಒಟ್ಟಿಗೆ ಬಾಯಿಗಿಟ್ಟರೆ ಬರುವ ರುಚಿಯೇ ಬೇರೆ, ಅಲ್ವಾ? ಅಮೆರಿಕದ ಮನೆಗಳಲ್ಲಿ ರಜೆಯ ದಿನ ಮಾಡುವ ಬ್ರೆಕ್‌ಫಾಸ್ಟ್ ಕ್ಯಾಸರೋಲ್‌ನಲ್ಲೂ ನಾನು ಹುಡುಕುವುದು ಆ ಅಂಚಿನ ರುಚಿಯನ್ನೇ.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಅಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಅಮೆರಿಕದಲ್ಲಿ ಅಗಲವಾದ, ಸ್ವಲ್ಪ ಆಳವಿರುವ ಓವನ್ ಪಾತ್ರೆಗೂ ಅದೇ ಹೆಸರು, ಅದರಲ್ಲಿ ಬೇಯಿಸಿ ಹಾಗೇ ಮೇಜಿಗೆ ತಂದಿಡುವ ಅಡುಗೆಗೂ ಅದೇ ಹೆಸರು. ಬೆಳಗಿನ ತಿಂಡಿಗೆ ಮಾಡುವ ಬಗೆಯಲ್ಲಿ ಬ್ರೆಡ್ ತುಂಡುಗಳನ್ನು ಮೊಟ್ಟೆ-ಹಾಲಿನಲ್ಲಿ ರಾತ್ರಿಯಿಡೀ ನೆನೆಸಿ, ನಡುವೆ ಮಾಂಸ, ಚೀಸ್, ತರಕಾರಿ ಅಥವಾ ಹಣ್ಣು ಹಾಕಿ, ಬೆಳಿಗ್ಗೆ ಓವನ್‌ಗೆ ಇಡುತ್ತಾರೆ. ಪದರ ಪದರವಾಗಿ ಜೋಡಿಸುವುದರಿಂದ ಇದಕ್ಕೆ ಸ್ಟ್ರಾಟಾ ಅಂತಲೂ ಕರೆಯುತ್ತಾರೆ.

ನಾನು ಇದನ್ನು ಕಲಿತದ್ದು ಬಾಸ್ಟನ್ ಹತ್ತಿರ ಇರುವಾಗ, ಪಕ್ಕದ ಮನೆಯವರಿಂದ. ಅವರ ಮನೆಯಲ್ಲಿ ಕ್ರಿಸ್‌ಮಸ್ ಬೆಳಿಗ್ಗೆ ಇದು ಇರಲೇಬೇಕು. ಆ ಬೆಳಿಗ್ಗೆ ಮಕ್ಕಳು ಉಡುಗೊರೆ ಬಿಚ್ಚುವ ಗಡಿಬಿಡಿಯಲ್ಲಿರುತ್ತಾರೆ. ಒಲೆ ಮುಂದೆ ನಿಂತು ಒಬ್ಬೊಬ್ಬರಿಗೂ ಆಮ್ಲೆಟ್ ಹಾಕಿಕೊಡಲು ಯಾರಿಗೂ ಮನಸ್ಸಿರುವುದಿಲ್ಲ. ಹಿಂದಿನ ರಾತ್ರಿಯೇ ಕೆಲಸ ಮುಗಿದಿದ್ದರೆ, ಎದ್ದ ತಕ್ಷಣ ಓವನ್ ಹಚ್ಚಿ ಪಾತ್ರೆ ಒಳಗಿಟ್ಟರೆ ಆಯಿತು. ಹತ್ತು ಜನ ಒಟ್ಟಿಗೆ ಕೂತು ಬಿಸಿಬಿಸಿ ತಿನ್ನಬಹುದು. ದೋಸೆ ಮಾಡುವ ಭಾನುವಾರ ಅಡುಗೆ ಮಾಡಿದವರು ಕೊನೆಯಲ್ಲಿ ಒಬ್ಬರೇ ತಿನ್ನುವುದನ್ನು ನೋಡುತ್ತಾ ಬೆಳೆದವಳು ನಾನು. ನನಗೆ ಈ ತಿಂಡಿ ಇಷ್ಟವಾಗಲು ಅದೂ ಒಂದು ಕಾರಣ.

ಇಲ್ಲಿ ಹೇಳುತ್ತಿರುವುದು ಸಾಸೇಜ್, ಸೇಬು, ಚೆಡ್ಡರ್ ಚೀಸ್ ಮತ್ತು ಮೇಪಲ್ ಸಿರಪ್ (ಮೇಪಲ್ ಮರದ ರಸ ಕುದಿಸಿ ಮಾಡುವ ಸಿಹಿ ಪಾಕ) ಹಾಕಿದ ಕ್ಯಾಸರೋಲ್. ನೆನಪಿಡಬೇಕಾದ ಮಾತು ಒಂದೇ: ಉಪ್ಪು-ಖಾರ ಒಳಗೆ, ಮೊದಲೇ. ಸಿಹಿ ಮೇಲೆ, ಕೊನೆಗೆ. ಸಿಹಿಯನ್ನೂ ಪೂರ್ತಿ ಒಳಗೇ ಕಲಸಿಬಿಟ್ಟರೆ ಎರಡೂ ಒಂದಾಗಿ ಯಾವ ರುಚಿಯೂ ಎದ್ದು ಕಾಣುವುದಿಲ್ಲ.

ಬೇಕಾಗುವ ಸಾಮಾನು

9 ಇಂಚು ಅಗಲ, 13 ಇಂಚು ಉದ್ದದ ಪಾತ್ರೆಗೆ ಈ ಅಳತೆ. 8ರಿಂದ 10 ಜನಕ್ಕೆ ಸಾಕು. ಕಪ್ ಅಂದರೆ 240 ಮಿಲಿಲೀಟರ್‌ನ ಕಪ್.

- ಬ್ರೆಡ್: 450 ಗ್ರಾಂ, ಒಂದು ಇಂಚಿನ ತುಂಡುಗಳು
- ಬ್ರೆಕ್‌ಫಾಸ್ಟ್ ಸಾಸೇಜ್: 450 ಗ್ರಾಂ
- ಸೇಬು: 2 ದೊಡ್ಡವು
- ಈರುಳ್ಳಿ: 1
- ಚೆಡ್ಡರ್ ಚೀಸ್: ತುರಿದದ್ದು 2 ಕಪ್, ಸುಮಾರು 225 ಗ್ರಾಂ
- ಮೊಟ್ಟೆ: 8 ದೊಡ್ಡವು
- ಗಟ್ಟಿ ಹಾಲು: 2½ ಕಪ್
- ಕ್ರೀಮ್: ½ ಕಪ್
- ಮೇಪಲ್ ಸಿರಪ್: ಒಳಗೆ 2 ದೊಡ್ಡ ಚಮಚ, ಮೇಲೆ 3 ದೊಡ್ಡ ಚಮಚ, ಬಡಿಸುವಾಗ ಇನ್ನಷ್ಟು
- ಸಾಸಿವೆ ಪೇಸ್ಟ್: 1 ಸಣ್ಣ ಚಮಚ
- ಉಪ್ಪು ¾ ಸಣ್ಣ ಚಮಚ, ಮೆಣಸಿನ ಪುಡಿ ½ ಸಣ್ಣ ಚಮಚ, ಚಿಟಿಕೆ ಜಾಯಿಕಾಯಿ
- ಬೆಣ್ಣೆ: ಪಾತ್ರೆಗೆ ಸವರಲು, ಹುರಿಯಲು

ಮೆಣಸಿನ ಪುಡಿ ಅಂದರೆ ಕಾಳುಮೆಣಸಿನದು. ಉಪ್ಪು ಇದಕ್ಕಿಂತ ಜಾಸ್ತಿ ಬೇಡ. ಸಾಸೇಜ್ ಮತ್ತು ಚೀಸ್ ಎರಡರಲ್ಲೂ ಉಪ್ಪಿರುತ್ತದೆ.

ಬ್ರೆಡ್ ಒಣಗಿರಲೇಬೇಕು

ಈ ತಿಂಡಿ ಚೆನ್ನಾಗಿ ಬರುವುದೂ ಕೆಡುವುದೂ ಇಲ್ಲೇ. ನಾನು ಮೊದಲ ಸಲ ಮಾಡಿದಾಗ ಆಗ ತಾನೇ ತಂದ ಮೆತ್ತನೆಯ ಬ್ರೆಡ್ ಹಾಕಿದ್ದೆ. ಬೆಳಿಗ್ಗೆ ನೋಡಿದರೆ ತುಂಡುಗಳೆಲ್ಲ ಕರಗಿ ಹಿಟ್ಟಿನಂತಾಗಿದ್ದವು. ಬೆಂದ ಮೇಲೂ ತಳದಲ್ಲಿ ಗಂಜಿಯಂತೆ ಅಂಟಂಟಾಗಿತ್ತು. ತಪ್ಪು ಮೊಟ್ಟೆಯದಲ್ಲ, ಓವನ್‌ನದೂ ಅಲ್ಲ. ಹೊಸ ಬ್ರೆಡ್‌ನೊಳಗೆ ಆಗಲೇ ನೀರಿನಂಶ ಇರುತ್ತದೆ. ಅದಕ್ಕೆ ಹಾಲು ಹಿಡಿಯಲು ಜಾಗ ಇರುವುದಿಲ್ಲ, ಹಾಲು ಸೋಕಿದರೆ ಆಕಾರವೂ ನಿಲ್ಲುವುದಿಲ್ಲ. ಒಣಗಿದ ತುಂಡು ಹಾಲನ್ನು ಹೀರಿಕೊಂಡು ತುಂಡಾಗಿಯೇ ಉಳಿಯುತ್ತದೆ.

ಅಮೆರಿಕದಲ್ಲಿ ಇದಕ್ಕೆ ಹಾಲಾ, ಬ್ರಿಯೋಶ್ ಅಥವಾ ಫ್ರೆಂಚ್ ಬ್ರೆಡ್ ಬಳಸುತ್ತಾರೆ. ಹಾಲಾ ಯಹೂದಿಗಳು ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ಗೆ ಮಾಡುವ, ಜಡೆ ಹೆಣೆದ ಹಾಗಿರುವ ಬ್ರೆಡ್. ಮೊಟ್ಟೆ ಹಾಕಿ ಮಾಡುವುದರಿಂದ ತುಸು ಹಳದಿ ಬಣ್ಣ, ಸಣ್ಣ ಸಿಹಿ ಇರುತ್ತದೆ. ನನ್ನ ಆಯ್ಕೆ ಅದೇ. ಬ್ರಿಯೋಶ್‌ನಲ್ಲಿ ಬೆಣ್ಣೆ ಜಾಸ್ತಿ. ಸಾಸೇಜ್‌ನ ಕೊಬ್ಬಿನ ಜೊತೆ ಅದು ಸೇರಿದರೆ ಎರಡನೇ ತುಂಡು ತಿನ್ನಲು ಆಗುವುದಿಲ್ಲ.

ಹಿಂದಿನ ದಿನ ತಂದ ಬ್ರೆಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ತುಂಡು ಮಾಡಿ, ಅಗಲ ಟ್ರೇ ಮೇಲೆ ಹರಡಿ, 300 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ ಇಡಿ. ನಡುವೆ ಒಮ್ಮೆ ಕೈಯಾಡಿಸಿ. ಬಣ್ಣ ಬರುವುದು ಬೇಡ. ಹೊರಗೆ ಗರಿಗರಿಯಾಗಿ, ಒತ್ತಿದರೆ ಒಳಗೆ ಸ್ವಲ್ಪವೇ ಮೆತ್ತಗಿದ್ದರೆ ಅದು ಹದ.

ಸಾಸೇಜ್, ಈರುಳ್ಳಿ, ಸೇಬು

ಬ್ರೆಕ್‌ಫಾಸ್ಟ್ ಸಾಸೇಜ್ ಸಾಮಾನ್ಯವಾಗಿ ಹಂದಿ ಮಾಂಸದ್ದು. ಸೇಜ್ ಎಂಬ ಸೊಪ್ಪು ಮತ್ತು ಕಾಳುಮೆಣಸು ಅದರ ಮುಖ್ಯ ಪರಿಮಳ. ಹಂದಿ ಬೇಡವಾದವರಿಗೆ ಕೋಳಿಯದ್ದು, ಟರ್ಕಿ ಕೋಳಿಯದ್ದು ಸಿಗುತ್ತದೆ. ಮೇಲೆ ತೆಳು ಪೊರೆ ಇದ್ದರೆ ಸೀಳಿ ತೆಗೆದುಬಿಡಿ, ಒಳಗಿನ ಮಾಂಸ ಮಾತ್ರ ಸಾಕು.

ಬಾಣಲೆ ಕಾಯಿಸಿ, ಮಾಂಸ ಹಾಕಿ, ಮರದ ಸೌಟಿನಿಂದ ಚಿಕ್ಕ ಚಿಕ್ಕದಾಗಿ ಒಡೆಯುತ್ತಾ ಹುರಿಯಿರಿ. ಗುಲಾಬಿ ಬಣ್ಣ ಪೂರ್ತಿ ಹೋಗಿ ಅಂಚು ಕಂದಾಗಬೇಕು. 8-10 ನಿಮಿಷ ಹಿಡಿಯುತ್ತದೆ. ಹಸಿ ಮಾಂಸವನ್ನು ಹಾಗೇ ಜೋಡಿಸಿ ರಾತ್ರಿ ಇಡುವುದು ಬೇಡವೇ ಬೇಡ. ಬೆಂದ ಮಾಂಸವನ್ನು ತೆಗೆದು ತಟ್ಟೆಯಲ್ಲಿ ಹರಡಿ.

ಬಾಣಲೆಯಲ್ಲಿ ಒಂದೆರಡು ಚಮಚ ಕೊಬ್ಬು ಉಳಿಸಿಕೊಂಡು ಮಿಕ್ಕಿದ್ದು ಚೆಲ್ಲಿ. ಸಿಂಕಿಗೆ ಸುರಿಯಬೇಡಿ, ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ಅದೇ ಬಾಣಲೆಗೆ ಸಣ್ಣಗೆ ಹೆಚ್ಚಿದ ಈರುಳ್ಳಿ. ಮೆತ್ತಗಾದ ಮೇಲೆ ಸೇಬು.

ಸೇಬನ್ನು ಹುರಿಯದೆ ಹಾಕಿದರೆ ಏನಾಗುತ್ತದೆ ಅಂತ ಕೇಳಬಹುದು. ಓವನ್‌ನಲ್ಲಿ ಅದು ನೀರು ಬಿಟ್ಟು ತಳದಲ್ಲಿ ಕೆರೆ ಕಟ್ಟುತ್ತದೆ. ಅದಕ್ಕೇ ಅರ್ಧ ಇಂಚಿನ ತುಂಡು ಮಾಡಿ, 4-5 ನಿಮಿಷ ಹುರಿಯಬೇಕು. ಬಾಣಲೆ ಒಣಗಿದೆ ಅನಿಸಿದರೆ ಒಂದು ಚಮಚ ಬೆಣ್ಣೆ ಹಾಕಿ. ಹಲ್ಲಿಗೆ ಸಿಗುವಷ್ಟು ಗಟ್ಟಿ ಉಳಿದಿರಲಿ. ಹುಳಿ ಇರುವ ಗ್ರಾನಿ ಸ್ಮಿತ್ ಸೇಬು ಇದಕ್ಕೆ ಹೇಳಿ ಮಾಡಿಸಿದ್ದು. ಸಿಹಿಯೇ ಇಷ್ಟ ಎನ್ನುವವರು ಹನಿಕ್ರಿಸ್ಪ್ ಹಾಕಬಹುದು. ಅದು ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಬೆಳೆಸಿ 1991ರಲ್ಲಿ ಹೊರತಂದ ತಳಿ. ಬೆಂದರೂ ಸುಲಭವಾಗಿ ಕರಗುವುದಿಲ್ಲ.

ಎಲ್ಲವೂ ಪೂರ್ತಿ ಆರಬೇಕು. ಬಿಸಿ ಇರುವಾಗಲೇ ಮೊಟ್ಟೆ ಸುರಿದರೆ ಅಲ್ಲಲ್ಲಿ ಬೆಂದು ಗಂಟು ಕಟ್ಟುತ್ತದೆ. ಫ್ರಿಜ್‌ನೊಳಗೂ ಪಾತ್ರೆ ಬೇಗ ತಣ್ಣಗಾಗುವುದಿಲ್ಲ.

ಜೋಡಿಸುವುದು

ದೊಡ್ಡ ಬೋಗುಣಿಯಲ್ಲಿ ಮೊಟ್ಟೆ ಒಡೆದು, ಬಿಳಿ ಎಳೆ ಕಾಣದ ಹಾಗೆ ಕದಡಿ. ಹಾಲು, ಕ್ರೀಮ್, ಸಾಸಿವೆ ಪೇಸ್ಟ್, ಉಪ್ಪು, ಮೆಣಸಿನ ಪುಡಿ, ಜಾಯಿಕಾಯಿ, 2 ದೊಡ್ಡ ಚಮಚ ಮೇಪಲ್ ಸಿರಪ್ ಸೇರಿಸಿ ಇನ್ನೊಮ್ಮೆ ಕದಡಿ. ನೊರೆ ಎಬ್ಬಿಸಬೇಕಿಲ್ಲ.

ಚೀಸನ್ನು ಮನೆಯಲ್ಲೇ ತುರಿದುಕೊಳ್ಳಿ. ಪೊಟ್ಟಣದಲ್ಲಿ ಬರುವ ತುರಿ ಅಂಟಿಕೊಳ್ಳದಿರಲಿ ಅಂತ ಪಿಷ್ಟದ ಪುಡಿ ಬೆರೆಸಿರುತ್ತಾರೆ. ಅದು ನುಣುಪಾಗಿ ಕರಗುವುದಿಲ್ಲ.

ಪಾತ್ರೆಗೆ ಬೆಣ್ಣೆ ಸವರಿ, ಮೂಲೆಗಳನ್ನು ಮರೆಯಬೇಡಿ. ಅರ್ಧ ಬ್ರೆಡ್ ಹರಡಿ. ಮೇಲೆ ಅರ್ಧ ಸಾಸೇಜ್, ಅರ್ಧ ಸೇಬು-ಈರುಳ್ಳಿ, ಅರ್ಧ ಚೀಸ್. ಮತ್ತೆ ಬ್ರೆಡ್, ಮತ್ತೆ ಅದೇ ಕ್ರಮ. ಕೊನೆಯ ಪದರದಲ್ಲಿ ಕೆಲವು ಬ್ರೆಡ್ ತುಂಡುಗಳ ಮೂಲೆ ಮೇಲಕ್ಕೆ ಚಾಚಿಕೊಂಡಿರಲಿ. ಬೆಳಿಗ್ಗೆ ಗರಿಗರಿಯಾಗುವುದು ಆ ಮೂಲೆಗಳೇ. ಮಕ್ಕಳು ಮೊದಲು ಕಿತ್ತು ತಿನ್ನುವುದೂ ಅವನ್ನೇ.

ಮೊಟ್ಟೆ-ಹಾಲನ್ನು ನಿಧಾನವಾಗಿ, ಎಲ್ಲ ಕಡೆಗೂ ಬೀಳುವಂತೆ ಸುರಿಯಿರಿ. ಅಂಗೈಯಿಂದ ಮೆಲ್ಲಗೆ ಒತ್ತಿ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಒತ್ತಿ. ಮೇಲಿನ ತುಂಡುಗಳೂ ಒಮ್ಮೆ ಮುಳುಗಿ ಏಳಬೇಕು. ಮುಚ್ಚಿ ಫ್ರಿಜ್‌ಗೆ ಇಡಿ. 8ರಿಂದ 12 ಗಂಟೆ ಸರಿಯಾದ ಹೊತ್ತು. ಒಂದು ದಿನ ದಾಟಿದರೆ ಬ್ರೆಡ್ ಸೋಲುತ್ತದೆ.

ಬೆಳಿಗ್ಗೆ

ಗಾಜಿನ ಪಾತ್ರೆ ಬಳಸುವವರು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಗಾಜನ್ನು ನೇರವಾಗಿ ಕಾದ ಓವನ್‌ಗೆ ಇಡಬೇಡಿ, ಸಿಡಿಯಬಹುದು. ನನ್ನದೊಂದು ಪಾತ್ರೆ ಹಾಗೆ ಸೀಳಿ, ಹತ್ತು ಜನರ ತಿಂಡಿಯನ್ನು ಗಾಜಿನ ಚೂರಿನ ಜೊತೆ ಕಸಕ್ಕೆ ಹಾಕಬೇಕಾಯಿತು. ಎದ್ದ ತಕ್ಷಣ ಪಾತ್ರೆ ಹೊರಗಿಡಿ. ಅರ್ಧ ಗಂಟೆ ಸಾಕು, ಅದಕ್ಕಿಂತ ಜಾಸ್ತಿ ಹೊತ್ತು ಹಸಿ ಮೊಟ್ಟೆ ಹೊರಗಿರುವುದು ಬೇಡ. ಅಷ್ಟರಲ್ಲಿ ಓವನ್ 350 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 175 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರುತ್ತದೆ. ಪಿಂಗಾಣಿ ಪಾತ್ರೆಗೂ ಇದೇ ಎಚ್ಚರ ಒಳ್ಳೆಯದು. ಲೋಹದ ಪಾತ್ರೆಯಾದರೆ ಈ ಭಯವಿಲ್ಲ.

ಅಲ್ಯೂಮಿನಿಯಂ ಫಾಯಿಲ್‌ಗೆ ಒಳಮುಖ ಬೆಣ್ಣೆ ಸವರಿ ಪಾತ್ರೆ ಮುಚ್ಚಿ. ಬೆಣ್ಣೆ ಇಲ್ಲದಿದ್ದರೆ ಚೀಸ್ ಎಲ್ಲ ಫಾಯಿಲ್‌ಗೇ ಅಂಟಿಕೊಂಡು ಬರುತ್ತದೆ. ಮುಚ್ಚಿಕೊಂಡು 30 ನಿಮಿಷ. ಆಮೇಲೆ ಫಾಯಿಲ್ ತೆಗೆದು 15 ನಿಮಿಷ. ಈಗ ಸಿಹಿಯ ಸರದಿ. 3 ದೊಡ್ಡ ಚಮಚ ಮೇಪಲ್ ಸಿರಪ್ ಅನ್ನು ಬ್ರಷ್‌ನಿಂದ ಮೇಲಿನ ಬ್ರೆಡ್ ಮೂಲೆಗಳಿಗೆ ಹಚ್ಚಿ, ಇನ್ನೂ 10-15 ನಿಮಿಷ ಬೇಯಿಸಿ. ಮೊದಲೇ ಹಚ್ಚಿದರೆ ಒಳಗೆ ಬೇಯುವಷ್ಟರಲ್ಲಿ ಮೇಲಿನ ಸಕ್ಕರೆ ಸೀದು ಕಹಿಯಾಗುತ್ತದೆ.

ಬೆಂದಿದೆಯಾ ಅಂತ ತಿಳಿಯಲು ನಡುಭಾಗಕ್ಕೆ ತೆಳುವಾದ ಚಾಕು ಇಳಿಸಿ, ಸ್ವಲ್ಪ ಅಗಲಿಸಿ ನೋಡಿ. ಹಾಲಿನಂತಹ ದ್ರವ ಮೇಲೆ ಬಂದರೆ ಇನ್ನೂ 8-10 ನಿಮಿಷ ಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ಊಹೆಯೇ ಬೇಡ. ಮೊಟ್ಟೆಯ ಅಡುಗೆಗೆ ಅಮೆರಿಕದ ಕೃಷಿ ಇಲಾಖೆ ಹೇಳುವುದು 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಡಿಗ್ರಿ ಸೆಲ್ಸಿಯಸ್. ಕೋಳಿ ಅಥವಾ ಟರ್ಕಿ ಹಾಕಿದ್ದರೆ 165, ಅಂದರೆ 74. ನಡುವಿನ ಭಾಗವನ್ನೇ ಅಳೆಯಿರಿ, ಅಂಚು ಯಾವಾಗಲೂ ಮೊದಲು ಬೇಯುತ್ತದೆ.

ಓವನ್‌ನಿಂದ ತೆಗೆಯುವಾಗ ಪೂರಿಯ ಹಾಗೆ ಉಬ್ಬಿರುತ್ತದೆ. ಐದು ನಿಮಿಷದಲ್ಲಿ ಇಳಿದುಬಿಡುತ್ತದೆ. ಗಾಬರಿಯಾಗಬೇಡಿ. ಒಳಗಿನ ಹಬೆ ಹೊರಗೆ ಹೋಗುತ್ತಿದೆ, ಅಷ್ಟೇ. 10-15 ನಿಮಿಷ ಕಾದು ಕತ್ತರಿಸಿದರೆ ಚೌಕಗಳು ಚೆನ್ನಾಗಿ ನಿಲ್ಲುತ್ತವೆ.

ಮೇಪಲ್ ಸಿರಪ್ ಬಗ್ಗೆ ಸ್ವಲ್ಪ ಹೆಚ್ಚಾಗಿ

ಒಂದು ಮಾರ್ಚ್ ತಿಂಗಳಲ್ಲಿ ವರ್ಮಾಂಟ್‌ಗೆ ಹೋಗಿದ್ದೆವು. ಅಮೆರಿಕದಲ್ಲಿ ಅತಿ ಹೆಚ್ಚು ಮೇಪಲ್ ಸಿರಪ್ ಆಗುವ ರಾಜ್ಯ ಅದು. ಚಳಿಗಾಲ ಮುಗಿಯುವ ಹೊತ್ತಿನಲ್ಲಿ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವ ಬಿಸಿಲು ಇದ್ದಾಗ ಮೇಪಲ್ ಮರದಲ್ಲಿ ರಸ ಹರಿಯುತ್ತದೆ. ಕಾಂಡಕ್ಕೆ ಸಣ್ಣ ತೂತು ಕೊರೆದು ಅದನ್ನು ಹಿಡಿಯುತ್ತಾರೆ. ಹಸಿ ರಸ ಕುಡಿದು ನೋಡಿದೆ. ನೀರೇ ಅನ್ನಬೇಕು, ಸಿಹಿ ಇದ್ದೂ ಇಲ್ಲದ ಹಾಗೆ. ಅದರಲ್ಲಿ ಸಕ್ಕರೆ ಇರುವುದು ಸುಮಾರು ನೂರಕ್ಕೆ ಎರಡು ಭಾಗ. ಒಂದು ಲೀಟರ್ ಸಿರಪ್ ಆಗಲು ಸುಮಾರು 40 ಲೀಟರ್ ರಸ ಕುದಿಸಬೇಕು.

ಕುದಿಸುವ ಮನೆಯ ಬಾಗಿಲು ದಾಟಿದ ಕೂಡಲೇ ನನಗೆ ಆಲೆಮನೆಯ ನೆನಪು ಬಂತು. ಅದೇ ಸಿಹಿ ಹಬೆ, ಅದೇ ಉರಿ. ಕೊಪ್ಪರಿಗೆಯ ಬದಲು ಉದ್ದನೆಯ ಚಪ್ಪಟೆ ತಟ್ಟೆಗಳು, ಕಬ್ಬಿನ ಸಿಪ್ಪೆಯ ಬದಲು ಸೌದೆ. ಪಾಕದ ಹದ ನೋಡುವವರ ಮುಖದಲ್ಲಿ ಅದೇ ಏಕಾಗ್ರತೆ. ನೀರಿನ ಕುದಿಬಿಂದುವಿಗಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದಾಗ ಸಿರಪ್ ಆಯಿತು ಅಂತ ಲೆಕ್ಕ. ಅಲ್ಲಿಂದ ಬಂದ ಮೇಲೆ ಈ ಕ್ಯಾಸರೋಲ್‌ಗೆ ನಕಲಿ ಸಿರಪ್ ಹಾಕುವ ಮನಸ್ಸೇ ಬಂದಿಲ್ಲ. ಅಂಗಡಿಯಲ್ಲಿ ಪ್ಯಾನ್‌ಕೇಕ್ ಸಿರಪ್ ಅಂತ ಅಗ್ಗದಲ್ಲಿ ಸಿಗುವುದು ಸಾಮಾನ್ಯವಾಗಿ ಮೆಕ್ಕೆಜೋಳದ ಸಕ್ಕರೆ ಪಾಕಕ್ಕೆ ಬಣ್ಣ, ಪರಿಮಳ ಬೆರೆಸಿದ್ದು. ಸೀಸೆಯ ಹಿಂಬದಿ ಓದಿ. ಮೇಪಲ್ ಸಿರಪ್ ಬಿಟ್ಟು ಬೇರೇನೂ ಬರೆದಿರಬಾರದು. ಅಡುಗೆಗೆ ಗಾಢ ಬಣ್ಣದ್ದು ಒಳ್ಳೆಯದು. ತೆಳು ಹೊಂಬಣ್ಣದ್ದರ ನಯವಾದ ರುಚಿ ಸಾಸೇಜ್ ಮುಂದೆ ಕಳೆದುಹೋಗುತ್ತದೆ.

ಊರಿನಲ್ಲಿರುವವರಿಗೆ ನನ್ನ ಸಲಹೆ ಜೋನಿ ಬೆಲ್ಲ. ಮಲೆನಾಡಿನಲ್ಲಿ ದೋಸೆಗೆ ತುಪ್ಪದ ಜೊತೆ ಹಾಕಿಕೊಳ್ಳುತ್ತಾರಲ್ಲ, ಅದೇ. ಮೇಪಲ್‌ಗಿಂತ ರುಚಿ ಗಡುಸು, ಪಾಕ ಮಂದ. ಮೂರು ಚಮಚ ಬೆಲ್ಲಕ್ಕೆ ಒಂದು ಚಮಚ ಬಿಸಿನೀರು ಬೆರೆಸಿ ಹಚ್ಚಿ. ನಾನು ರಜೆಗೆ ಊರಿಗೆ ಬಂದಾಗ ಹಾಗೇ ಮಾಡುವುದು. ಚೆಡ್ಡರ್‌ನ ಉಪ್ಪಿಗೆ ಬೆಲ್ಲ ಸೇರಿದಾಗಿನ ರುಚಿ ನನಗಂತೂ ಮೇಪಲ್‌ಗಿಂತ ಒಂದು ಕೈ ಮೇಲು ಅನಿಸಿದೆ.

ಊರಿನ ಓಟಿಜಿಯಲ್ಲಿ

ಓಟಿಜಿ, ಅಂದರೆ ಮೇಜಿನ ಮೇಲಿಡುವ ವಿದ್ಯುತ್ ಓವನ್, ಚಿಕ್ಕದಿರುತ್ತದೆ, ಹಾಗಾಗಿ ಅರ್ಧ ಅಳತೆ ಸಾಕು. 8 ಇಂಚಿನ ಚೌಕದ ಕೇಕ್ ಟಿನ್ ಬಳಸಿ. ತಳ ಬೇರೆಯಾಗುವ ಟಿನ್ ಬೇಡ, ಹಾಲು ಸೋರುತ್ತದೆ. ನಮ್ಮೂರಿನ ಮೊಟ್ಟೆ ತುಸು ಚಿಕ್ಕದು, ಅದಕ್ಕೆ 4ರ ಬದಲು 5 ಹಾಕಿ. ಮೇಲಿನ, ಕೆಳಗಿನ ಎರಡೂ ಕಂಬಿ ಹಚ್ಚಿ, ನಡುವಿನ ಹಂತದಲ್ಲಿಟ್ಟು, ಮುಚ್ಚಿ 20 ನಿಮಿಷ, ತೆರೆದು 20 ನಿಮಿಷ. ಮೇಲೆ ಬೇಗ ಕೆಂಪಾದರೆ ಫಾಯಿಲ್ ಮತ್ತೆ ಹೊದಿಸಿ.

ಬೇಕರಿಯ ಮಿಲ್ಕ್ ಬ್ರೆಡ್ ತುಂಬಾ ಮೆತ್ತಗೆ. ದಪ್ಪಗೆ ಕತ್ತರಿಸಿಸಿಕೊಂಡು ಬಂದು, ಓವನ್‌ನಲ್ಲಿ 20 ನಿಮಿಷವಾದರೂ ಒಣಗಿಸಿ. ಸೇಬು ಸಿಹಿಯದೇ ಸಿಗುವುದಾದರೆ ಹುರಿಯುವಾಗ ಅರ್ಧ ನಿಂಬೆಹಣ್ಣು ಹಿಂಡಿ. ಸೇಜ್ ಸೊಪ್ಪಿನ ಪರಿಮಳ ಬೇಕಾದರೆ? ಕುಂಡದಲ್ಲಿ ದೊಡ್ಡಪತ್ರೆ ಇರುತ್ತದಲ್ಲ, ಅದರ ಎರಡು ಎಲೆ ಸಣ್ಣಗೆ ಹೆಚ್ಚಿ ಸಾಸೇಜ್ ಜೊತೆ ಹುರಿಯಿರಿ. ಸೇಜ್‌ನದೇ ವಾಸನೆ ಅಲ್ಲ, ಆದರೆ ಆ ಜಾಗದಲ್ಲಿ ಸೊಗಸಾಗಿ ಕೂರುತ್ತದೆ.

ಮಾಂಸ ಬೇಡವಾದವರು ಅರ್ಧ ಅಳತೆಗೆ 250 ಗ್ರಾಂ ಅಣಬೆ ತೆಗೆದುಕೊಳ್ಳಿ. ಅದರ ನೀರೆಲ್ಲ ಇಂಗಿ ಕಂದಾಗುವವರೆಗೆ ಹುರಿದು, ಕುಟ್ಟಿದ ಸೋಂಪು, ಕಾಳುಮೆಣಸು ಧಾರಾಳವಾಗಿ ಹಾಕಿ. ಉಪ್ಪನ್ನು ಕಾಲು ಸಣ್ಣ ಚಮಚ ಹೆಚ್ಚಿಸಿ. ಮೊಟ್ಟೆಯನ್ನೂ ಬಿಟ್ಟು ಮಾಡಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ: ಇದನ್ನು ಬೇಡ. ಬ್ರೆಡ್ ತುಂಡುಗಳನ್ನೆಲ್ಲ ಒಂದಾಗಿ ಹಿಡಿದಿಡುವುದೇ ಮೊಟ್ಟೆ. ಅವರಿಗೆ ಅಂತಲೇ ನಾನು ಪಕ್ಕದಲ್ಲಿ ಒಂದು ಪಾತ್ರೆ ಉಪ್ಪಿಟ್ಟು ಮಾಡಿಟ್ಟಿರುತ್ತೇನೆ.

ಬಡಿಸುವಾಗ ಜೊತೆಗೆ ಜಾಸ್ತಿ ಏನೂ ಬೇಕಿಲ್ಲ. ಕಿತ್ತಳೆ ಹಣ್ಣಿನ ತೊಳೆ, ಗಟ್ಟಿ ಫಿಲ್ಟರ್ ಕಾಫಿ. ಸಿರಪ್ ಜಗ್ಗನ್ನು ಮೇಜಿನ ನಡುವೆ ಇಡಿ, ಎಷ್ಟು ಸಿಹಿ ಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. 3-4 ದಿನ ಇರುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಬ್ರೆಡ್ ರಬ್ಬರಿನಂತಾಗುತ್ತದೆ. ಒಂದು ಇಂಚು ದಪ್ಪದ ಹೋಳು ಮಾಡಿ, ದೋಸೆ ಕಾವಲಿಗೆ ಸ್ವಲ್ಪ ತುಪ್ಪ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು ನಡುವೆಯೂ ಹಬೆಯಾಡುವಷ್ಟು ಬಿಸಿ ಮಾಡಿ. ಕೊನೆಗೆ ಮುಚ್ಚಳ ತೆಗೆದು ಎರಡೂ ಕಡೆ ಕೆಂಪಗೆ ಹುರಿಯಿರಿ. ಅಂಚಿಗೆ ಹರಿದ ಚೀಸ್ ಕಾವಲಿ ಮೇಲೆ ಗರಿಗರಿ ಬಲೆಯ ಹಾಗಾಗುತ್ತದೆ. ನಮ್ಮ ಮನೆಯಲ್ಲಿ ಸೋಮವಾರ ಬೆಳಿಗ್ಗೆ ಆ ಅಂಚಿಗಾಗಿಯೇ ಮಕ್ಕಳು ಕರೆಯದೆ ಎದ್ದು ಬರುತ್ತಾರೆ.